ಇಸಾಬೆಲ್ಲಾದ ಸೀಟು ಹೊಲಿದವಳು

ಗೆಸೀನ ಕೋರ್ಡೆಸ್ ತನ್ನ ಗಂಡನ ಜೊತೆ ಬಾಳಿದ್ದು ಒಟ್ಟು ಹನ್ನೊಂದು ದಿನ. ನಲವತ್ತೆರಡರ ಏಪ್ರಿಲ್‌ನಲ್ಲಿ ಹಾರ್ಮ್ ಸೈನ್ಯದಿಂದ ರಜೆಯ ಮೇಲೆ ಬಂದ, ಮದುವೆಯಾದ, ಹನ್ನೆರಡನೆಯ ದಿನ ಬೆಳಿಗ್ಗೆ ಬ್ರೆಮೆನ್ ನಿಲ್ದಾಣದಲ್ಲಿ ರೈಲಿನ ಕಿಟಕಿಯಿಂದ ಕೈಬೀಸಿ ಪೂರ್ವಕ್ಕೆ ಹೋದ. ಮತ್ತೆ ಅವನಿಗೆ ರಜೆ ಸಿಗಲಿಲ್ಲ. ನಲವತ್ತನಾಲ್ಕರ ಬೇಸಿಗೆಯಲ್ಲಿ ಅವನಿದ್ದ ಪಡೆಗೆ ಪಡೆಯೇ ರಷ್ಯಾದ ನೆಲದಲ್ಲಿ ಕರಗಿಹೋಯಿತು. ಸತ್ತನೆಂದು ಯಾರೂ ಬರೆಯಲಿಲ್ಲ, ಇದ್ದಾನೆಂದೂ ಬರೆಯಲಿಲ್ಲ. ಕಾಣೆಯಾಗಿದ್ದಾನೆ ಎಂಬ ಒಂದು ಸಾಲಿನ ಕಾಗದ ಬಂತು, ಅಷ್ಟೆ. ಆಗ ಗೆಸೀನಳಿಗೆ ಇಪ್ಪತ್ತೈದು.

ತವರಿನ ಕಡೆ ಬಾಂಬಿಗೆ ಯಾರೂ ಉಳಿದಿರಲಿಲ್ಲ. ಅತ್ತೆ ಮೆಟಾಳ ಜೊತೆ ಹಾಸ್ಟೆಟ್ ಬಡಾವಣೆಯ ಮನೆಯಲ್ಲೇ ಉಳಿದಳು. ಆ ಮನೆಯ ಮೇಲಂತಸ್ತು ಹಾರಿಹೋಗಿತ್ತು, ಕೆಳಗಿನ ಎರಡು ಕೋಣೆ ಗಟ್ಟಿಯಾಗಿದ್ದವು. ಮೆಟಾ ಬಂದರಿನ ಗೋದಾಮಿನಲ್ಲಿ ಮೂವತ್ತು ವರ್ಷ ಕಾಫಿ ಬೀಜ ಆರಿಸಿದ ಹೆಂಗಸು. ಹುಳುಕು ಬೀಜವನ್ನು ನೋಡದೆಯೇ ಬೆರಳ ತುದಿಯಿಂದ ಎತ್ತಿ ಎಸೆಯುವಳು; ಮನುಷ್ಯರನ್ನೂ ಹಾಗೆಯೇ ಆರಿಸುವಳು. ಬೀದಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಸೊಸೆಯನ್ನು ಮಾತ್ರ ಮೊದಲ ದಿನವೇ ಒಳ್ಳೆಯ ರಾಶಿಗೆ ಹಾಕಿಕೊಂಡಿದ್ದಳು.

ಹಿತ್ತಿಲಿನ ಶೆಡ್ಡಿನಲ್ಲಿ ಹಾರ್ಮನ ಸೈಕಲ್ಲಿತ್ತು. ಪ್ರತಿ ವರ್ಷ ಚಳಿ ಇಳಿದ ಕೂಡಲೇ ಮೆಟಾ ಅದನ್ನು ಹೊರಗೆ ತಂದು ಚೈನಿಗೆ ಎಣ್ಣೆ ಬಿಟ್ಟು, ಚಕ್ರಕ್ಕೆ ಗಾಳಿ ಹೊಡೆದು, ಹ್ಯಾಂಡಲ್ಲು ಒರೆಸಿ ಮತ್ತೆ ಒಳಗಿಡುವಳು.

"ಯಾರಿಗೆ ಮೆಟಾ, ಇಷ್ಟು ಉಪಚಾರ?" ಎಂದು ಪಕ್ಕದ ಮನೆಯವಳು ಒಮ್ಮೆ ಕೇಳಿದ್ದಕ್ಕೆ, "ಬಂದವನು ಕೆಲಸಕ್ಕೆ ನಡಕೊಂಡು ಹೋಗ್ಬೇಕೇನೇ?" ಎಂದು ಬಾಯಿ ಮುಚ್ಚಿಸಿದ್ದಳು.

ಆ ಕೆಲಸವೆಂದರೆ ಬೋರ್ಗ್‌ವರ್ಡ್ ಕಾರು ಕಾರ್ಖಾನೆಯ ಕೆಲಸ. ಯುದ್ಧಕ್ಕೆ ಮೊದಲು ಹಾರ್ಮ್ ಅಲ್ಲಿ ಬಾಗಿಲಿನ ತಗಡು ಬಡಿಯುತ್ತಿದ್ದ. ನಲವತ್ತೊಂಬತ್ತರಲ್ಲಿ ಅಲ್ಲಿ ಸೀಟು ಹೊಲಿಯುವವರು ಬೇಕಾಗಿದ್ದಾರೆಂದು ತಿಳಿದಾಗ, ಅದುವರೆಗೆ ಗೋಣಿಚೀಲ ಹೊಲಿಯುತ್ತಿದ್ದ ಗೆಸೀನ ಹೋಗಿ ನಿಂತಳು. ಗಂಡ ಕೊನೆಯ ಸಲ ಹೊರಬಿದ್ದಿದ್ದ ಬಾಗಿಲಿನಲ್ಲೇ ಅವಳು ಒಳಹೋದದ್ದು.

ಬ್ರೆಮೆನ್ನಿನವರಿಗೆ ಬೋರ್ಗ್‌ವರ್ಡ್ ಅಂದರೆ ಮನೆಮಗನ ಹಾಗೆ. ಯಜಮಾನರು ಕಲ್ಲಿದ್ದಲು ವ್ಯಾಪಾರಿಯ ಮಗ. ರೇಡಿಯೇಟರ್ ಮಾಡುತ್ತ ಶುರುಮಾಡಿ, ಸಾಮಾನು ಹೊರುವ ಮೂರು ಚಕ್ರದ ಗಾಡಿ ಮಾಡಿ, ಅಲ್ಲಿಂದ ಕಾರಿಗೆ ಹತ್ತಿದವರು. ಕಾರಿನ ಮೈಯನ್ನು ಮೊದಲು ಜೇಡಿಯಲ್ಲಿ ತಾವೇ ಕೈಯಿಂದ ತಿದ್ದುತ್ತಾರೆ, ಲೆಕ್ಕಿಗರ ಮಾತು ಕೇಳುವುದಿಲ್ಲ ಎಂದು ಕಾರ್ಮಿಕರು ಹೆಮ್ಮೆಯಿಂದ ಹೇಳುತ್ತಿದ್ದರು. ಐವತ್ತನಾಲ್ಕರಲ್ಲಿ ಬಂದಳು ನೋಡಿ, ಇಸಾಬೆಲ್ಲಾ. ಪರೀಕ್ಷೆಗೆ ರಸ್ತೆಗಿಳಿಸುವಾಗ ಗುಟ್ಟು ಬಿಟ್ಟುಕೊಡದ ಹಾಗೆ ಏನು ಹೆಸರು ಬರೆಯೋಣ ಎಂದು ಕೇಳಿದ್ದಕ್ಕೆ, ಯಜಮಾನರು, "ಏನಾದ್ರೂ ಬರೀರಿ, ಬೇಕಾದ್ರೆ ಇಸಾಬೆಲ್ಲಾ ಅಂತ ಬರೀರಿ" ಅಂದರಂತೆ. ಹೆಸರು ಅಂಟಿಕೊಂಡಿತು. ನಿಜವೋ ಸುಳ್ಳೋ, ಕಾರ್ಖಾನೆಯಲ್ಲಿ ಈ ಕಥೆಯನ್ನು ಹೇಳದವರಿರಲಿಲ್ಲ.

ದುಂಡು ಭುಜದ, ಮೂಗಿನ ಮೇಲೆ ವಜ್ರದಾಕಾರದ ಬಿಲ್ಲೆಯ ಆ ಕಾರನ್ನು ವೈದ್ಯರು, ವಕೀಲರು, ಕಾಫಿ ವ್ಯಾಪಾರಿಗಳು ಕೊಂಡರು. ಫೋಕ್ಸ್‌ವ್ಯಾಗನ್ ತಮಗೆ ಚಿಕ್ಕದು, ಮರ್ಸಿಡಿಸ್ ತಮಗೆ ದೊಡ್ಡದು ಅನ್ನಿಸಿದವರಿಗೆಲ್ಲ ಅವಳೇ ಬೇಕು. ಭಾನುವಾರ ಊರಿನವರು ನಡೆಯುತ್ತ ಹೋಗುವಾಗ ಒಂದು ಇಸಾಬೆಲ್ಲಾ ಹಾದುಹೋದರೆ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಗೆಸೀನಳ ಪಾಲಿಗೆ ಬಂದದ್ದು ಸೀಟಿನ ಅಂಚಿನ ಪೈಪಿಂಗ್. ಬಟ್ಟೆಯ ಪಟ್ಟಿಯೊಳಗೆ ಹುರಿ ಸೇರಿಸಿ, ಎರಡು ಬಟ್ಟೆಗಳು ಕೂಡುವ ಕಡೆ ಎಲ್ಲೂ ಸುಕ್ಕು ಬೀಳದಂತೆ ಸುತ್ತಲೂ ಓಡಿಸಬೇಕು. ಮೂಲೆಯಲ್ಲಿ ಸೂಜಿ ಎತ್ತಬಾರದು, ಕೈಯನ್ನೇ ತಿರುಗಿಸಬೇಕು. ಅವಳ ಮೂಲೆಗಳು ಮೊಟ್ಟೆಯ ಹಾಗೆ ಸುತ್ತುತ್ತಿದ್ದವು.

"ಸಾಕು ಬಿಡೇ," ಅನ್ನುವಳು ಪಕ್ಕದ ಯಂತ್ರದ ಆಲ್ಮುಟ್. "ಮೇಲೆ ಕೂರೋದು ಡಾಕ್ಟರ ಕುಂಡೆ. ಅದಕ್ಕೇನು ಕಣ್ಣಿದೆಯಾ?"

ಐವತ್ತೈದರ ಮೇ ತಿಂಗಳಲ್ಲಿ ಒಂದು ದಿನ ಹೊಲಿಗೆ ವಿಭಾಗಕ್ಕೆ ಚರ್ಮದ ಜಾಕೀಟು ತೊಟ್ಟ ತೆಳ್ಳನೆಯ ಗಂಡಸೊಬ್ಬ ಬಂದು, ಇಸಾಬೆಲ್ಲಾದ ಮುಂದಿನ ಸೀಟಿನ ಪೈಪಿಂಗ್ ಹಾಕುವವರು ಯಾರು ಎಂದು ಕೇಳಿದ. ಅವನು ಡೀರ್ಕ್ ಓಸ್ಮರ್ಸ್. ತಯಾರಾದ ಕಾರುಗಳನ್ನು ಹೊರಗೆ ಕಳಿಸುವ ಮೊದಲು ಓಡಿಸಿ ನೋಡುವುದು ಅವನ ಕೆಲಸ. ಕಣ್ಣು ಮುಚ್ಚಿ ಕಿವಿಯಿಂದಲೇ ಎಂಜಿನ್ನಿನ ಜಾತಕ ಹೇಳುತ್ತಾನೆ ಎಂಬ ಹೆಸರಿತ್ತು. ಮದುವೆಯಾಗಿದ್ದ, ಯುದ್ಧದ ಕಾಲದಲ್ಲೇ ಅದು ಮುರಿದಿತ್ತು.

"ನಿಮ್ಮ ಸೀಟಿನಲ್ಲಿ ಇಲಿ ಇದೆ, ಫ್ರೌ ಕೋರ್ಡೆಸ್," ಅಂದ. "ಎಡಕ್ಕೆ ತಿರುಗಿದಾಗೆಲ್ಲ ಕುಂಯ್ ಅನ್ನುತ್ತೆ."

ಗೆಸೀನ ಯಂತ್ರ ನಿಲ್ಲಿಸಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನನ್ನ ಸೀಟು ಕುಂಯ್ ಅನ್ನಲ್ಲ. ನಿಮ್ಮ ಜಾಕೀಟು ಅನ್ನುತ್ತೆ."

"ಬಂದು ಕೇಳ್ತೀರಾ?"

ಆಲ್ಮುಟ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ಹೋಗೇ, ಇಲಿ ಹಿಡಕೊಂಡು ಬಾ. ಬೆಕ್ಕೇ ಬಂದು ಕರೀತಾ ಇದೆ." ಮೇಸ್ತ್ರಿ ನಕ್ಕು, ಊಟದ ಬಿಡುವಿನಲ್ಲಿ ಹೋಗಿಬರಲಿ ಅಂದ.

ಆ ಹೊತ್ತಿಗೆ ಗೆಸೀನ ಸಾವಿರಾರು ಇಸಾಬೆಲ್ಲಾಗಳಿಗೆ ಅಂಚು ಹೊಲಿದಿದ್ದಳು. ಓಡುವ ಒಂದರಲ್ಲಿ ಕೂತದ್ದು ಇದೇ ಮೊದಲು. ಬಾಗಿಲು ಮುಚ್ಚಿದಾಗ ಒಳಗೆ ಹೊಸ ಬಟ್ಟೆಯ, ಅಂಟಿನ ವಾಸನೆ. ಕಾರು ಗೇಟು ದಾಟಿ ವೇಸರ್ ನದಿಯ ದಂಡೆಯ ರಸ್ತೆಗೆ ಬಿದ್ದಾಗ ಬೆನ್ನನ್ನು ಸೀಟು ಹಿಂದಿನಿಂದ ಮೆಲ್ಲಗೆ ಹಿಡಿದುಕೊಂಡಿತು. ತೊಡೆಯ ಪಕ್ಕದಲ್ಲಿ ತಾನೇ ಹೊಲಿದ ಅಂಚು ಬೆರಳಿಗೆ ಸಿಕ್ಕಿತು. ಹದಿಮೂರು ವರ್ಷಗಳಿಂದ ತನ್ನ ಮೈ ಎಲ್ಲೂ ಒರಗಿರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಡೀರ್ಕ್ ಜಾಕೀಟು ತೆಗೆದು ಹಿಂದೆ ಎಸೆದು ಎಡಕ್ಕೆ ತಿರುಗಿಸಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದ. ಮತ್ತೊಮ್ಮೆ.

"ಇಲಿ ಸತ್ತಿದೆ," ಅಂದಳು ಗೆಸೀನ. "ಇನ್ನು ಎಡಕ್ಕೆ ತಿರುಗಿದರೆ ಹೊರಟ ಜಾಗಕ್ಕೇ ಬರ್ತೀರಿ."

"ಪರೀಕ್ಷೆ ಅಂದ್ಮೇಲೆ ಸರಿಯಾಗಿ ಮಾಡ್ಬೇಕಲ್ಲ," ಅಂದ ಅವನು. ನಾಲ್ಕನೆಯ ಸಲವೂ ಎಡಕ್ಕೇ ತಿರುಗಿದ.

ಅಂದಿನಿಂದ ಊಟದ ಬಿಡುವಿನಲ್ಲಿ ಅವನು ಹೊಲಿಗೆ ವಿಭಾಗದ ಹೊರಗಿನ ಬೇಲಿಯ ಬಳಿ ಬ್ರೆಡ್ಡು ತಿನ್ನತೊಡಗಿದ. ಅವಳೂ ಅಲ್ಲೇ ತಿನ್ನುವಳು. ಮಾತೆಲ್ಲ ಕಾರಿನದೇ. ಯಾವ ಬಣ್ಣದ್ದು ಎಲ್ಲಿಗೆ ಹೋಯಿತು, ಯಾವುದು ಹಡಗು ಹತ್ತಿ ಅಮೆರಿಕಕ್ಕೆ ಹೊರಟಿತು. ಇಬ್ಬರೂ ಒಬ್ಬರನ್ನೊಬ್ಬರು 'ನೀವು' ಅನ್ನುತ್ತಿದ್ದರು.

ಆ ವರ್ಷದ ಅಕ್ಟೋಬರಿನಲ್ಲಿ ರಷ್ಯಾದಿಂದ ಕೊನೆಯ ಯುದ್ಧಕೈದಿಗಳು ಬರುತ್ತಾರೆಂದು ರೇಡಿಯೋ ಹೇಳಿತು. ಫ್ರೀಡ್‌ಲ್ಯಾಂಡಿನ ಶಿಬಿರಕ್ಕೆ ದೇಶದ ಮೂಲೆಮೂಲೆಯಿಂದ ತಾಯಂದಿರು, ಹೆಂಡಂದಿರು ಹೋದರು. ಮೆಟಾ ಮತ್ತು ಗೆಸೀನ ಹಾರ್ಮನ ಫೋಟೋವನ್ನು ರಟ್ಟಿಗೆ ಅಂಟಿಸಿ, ಕೆಳಗೆ ಹೆಸರು, ಪಡೆಯ ನಂಬರು ಬರೆದು, ರೈಲು ಹತ್ತಿದರು. ಎರಡು ದಿನ ಆ ಗದ್ದಲದಲ್ಲಿ ರಟ್ಟನ್ನು ಎತ್ತಿ ಹಿಡಿದು ನಿಂತರು. ಬಸ್ಸುಗಳಿಂದ ಇಳಿದವರು ಪ್ರತಿ ಫೋಟೋವನ್ನೂ ನೋಡುತ್ತ ಇಲ್ಲವೆಂದು ತಲೆಯಾಡಿಸುತ್ತ ಹೋದರು. ಹತ್ತಿ ತುಂಬಿದ ಕೋಟಿನ ಒಬ್ಬ ಮಾತ್ರ ನಿಂತು ಬಹಳ ಹೊತ್ತು ನೋಡಿದ.

"ಗುರುತಿದೆಯಾ?" ಮೆಟಾ ಅವನ ತೋಳು ಹಿಡಿದಳು.

"ಇಲ್ಲ ತಾಯಿ," ಅಂದ ಅವನು. "ಇಷ್ಟು ಚೆನ್ನಾಗಿ ನಗೋ ಮುಖ ನೋಡಿ ಬಹಳ ದಿನ ಆಗಿತ್ತು. ಅದಕ್ಕೆ ನಿಂತೆ."

ವಾಪಸು ರೈಲಿನಲ್ಲಿ ಮೆಟಾ ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬ್ರೆಮೆನ್ ಹತ್ತಿರವಾದಾಗ, "ರಷ್ಯಾ ದೊಡ್ಡದು. ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಜನ ಇರ್ತಾರೆ," ಅಂದಳು. ಮುಂದಿನ ಮಾರ್ಚಿನಲ್ಲಿ ಸೈಕಲ್ಲು ಮತ್ತೆ ಹೊರಗೆ ಬಂತು. ಆ ಸಲ ಹೊಸ ಟೈರನ್ನೇ ಹಾಕಿಸಿದಳು.

ಐವತ್ತೆಂಟರ ಫೆಬ್ರುವರಿಯ ಒಂದು ಶನಿವಾರ, ಬ್ರೆಮೆನ್ನಿನವರೆಲ್ಲ ಮಾಡುವಂತೆ, ಹೊಲಿಗೆಯವರೂ ಓಡಿಸುವವರೂ ಸೇರಿ ಎಲೆಕೋಸಿನ ನಡಿಗೆಗೆ ಹೊರಟರು. ಕೈಗಾಡಿಯಲ್ಲಿ ಬ್ರಾಂದಿ, ಕೊರಳಿಗೆ ದಾರದಲ್ಲಿ ಪುಟ್ಟ ಲೋಟ. ಹಿಮದ ಹೊಲಗಳನ್ನು ದಾಟಿ ಹಳ್ಳಿಯ ಹೋಟೆಲಿಗೆ ಹೋಗಿ ಕಡುಹಸಿರು ಕೋಸಿನ ಪಲ್ಯ, ಪಿಂಕೆಲ್ ಸಾಸೇಜು ಹೊಟ್ಟೆ ಬಿರಿಯುವಷ್ಟು ತಿನ್ನುವುದು. ದಾರಿಯಲ್ಲಿ ಡೀರ್ಕ್ ಅವಳ ಲೋಟಕ್ಕೆ ತನ್ನ ಲೋಟ ತಾಗಿಸಿ, "ಇನ್ನು ಸಾಕಲ್ಲ ಈ ನೀವು ತಾವು? ನನ್ನ ಹೆಸರು ಡೀರ್ಕ್," ಅಂದ.

"ಗೆಸೀನ," ಅಂದಳು ಅವಳು, ಹೊಸಬಳ ಹಾಗೆ.

"ಹಾಗಾದರೆ ಕೇಳು ಗೆಸೀನ. ನನ್ನನ್ನ ಮದುವೆ ಆಗ್ತೀಯಾ?"

"ನಾನು ಮದುವೆ ಆದವಳು ಡೀರ್ಕ್."

"ಯಾರ ಜೊತೆ?" ಅಂದುಬಿಟ್ಟ ಅವನು. "ಫೋಟೋ ಜೊತೆನಾ?"

ಆಡಿದ ಮಾತು ಆಡಿಹೋಯಿತು. ಗೆಸೀನ ಕೊರಳ ಲೋಟ ಬಿಚ್ಚಿ ಅವನ ಕೈಗಿಟ್ಟು, ಬಂದ ದಾರಿಯಲ್ಲೇ ಹಿಮ ತುಳಿದುಕೊಂಡು ಮನೆಗೆ ಹೋದಳು. ಎರಡು ತಿಂಗಳು ಬೇಲಿಯ ಬಳಿ ಬರಲಿಲ್ಲ. ಕೊನೆಗೆ ಒಂದು ದಿನ ಅವನೇ ಯಂತ್ರದ ಪಕ್ಕಕ್ಕೆ ಬಂದು, ಎಲ್ಲರ ಎದುರು, "ನನ್ನ ನಾಲಿಗೆಗೆ ಬ್ರೇಕಿಲ್ಲ. ತಪ್ಪಾಯ್ತು," ಅಂದ. ಅವಳು ತಲೆಯಾಡಿಸಿದಳು. ಮತ್ತೆ ಬೇಲಿ, ಮತ್ತೆ ಬ್ರೆಡ್ಡು. ಮದುವೆಯ ಮಾತು ಇಬ್ಬರೂ ಎತ್ತಲಿಲ್ಲ. ಎತ್ತದ ಮಾತು ದಿನದಿನಕ್ಕೆ ಇಬ್ಬರ ನಡುವೆ ಬೆಳೆಯುತ್ತ ಹೋಯಿತು.

ಆದದ್ದೇನೆಂದರೆ, ಗೆಸೀನಳಿಗೆ ಹಾರ್ಮನ ದನಿ ಮರೆತುಹೋಗಿತ್ತು. ಹನ್ನೊಂದು ದಿನದ ದನಿ, ಎಷ್ಟು ದಿನ ನಿಂತೀತು? ಅವನು ಬರುವುದಿಲ್ಲ ಎಂದು ಅವಳ ಒಳಗೆ ಯಾವಾಗಲೋ ಗೊತ್ತಾಗಿತ್ತು. ಇನ್ನೊಂದು ಮದುವೆಯಾಗಬೇಕಾದರೆ ಮೊದಲು ಕೋರ್ಟಿಗೆ ಹೋಗಿ ಅವನು ಸತ್ತನೆಂದು ಬರೆಸಬೇಕು. ಸೈಕಲ್ಲಿಗೆ ಎಣ್ಣೆ ಬಿಡುವ ಅತ್ತೆಯ ಮನೆಯಿಂದ ಎದ್ದು ಹೋಗಿ ಆ ಕಾಗದಕ್ಕೆ ಹೇಗೆ ಸಹಿ ಹಾಕುವುದು?

ಅರವತ್ತೊಂದರಲ್ಲಿ ಕಂಪನಿ ಬಿತ್ತು. ಚಳಿಗಾಲದಲ್ಲಿ ಪತ್ರಿಕೆಗಳು ಗುಸುಗುಸು ಶುರುಮಾಡಿದವು, ಬೇಸಿಗೆ ಮುಗಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಕೆ ಬಿತ್ತು ಎಂಬುದಕ್ಕೆ ಬ್ರೆಮೆನ್ನಿನಲ್ಲಿ ಇವತ್ತಿಗೂ ಹತ್ತು ಬಾಯಿ ಹತ್ತು ಮಾತು. ಇಪ್ಪತ್ತು ಸಾವಿರ ಜನ ಗೇಟಿನ ಹೊರಗೆ ನಿಂತರು. ಯಾರೂ ಕೂಗಲಿಲ್ಲ. ಆಲ್ಮುಟ್ ತನ್ನ ಕತ್ತರಿಯನ್ನು ಅಪ್ರನ್ನಿನಲ್ಲಿ ಸುತ್ತಿಕೊಂಡು, "ಹೆಣಕ್ಕೂ ಇಷ್ಟು ಜನ ಸೇರಲ್ಲ," ಅಂದಳು. ಆದರೂ ಸಾಲುಸಾಲಾಗಿ ಉಳಿದ ಬಿಡಿಭಾಗ ಜೋಡಿಸಿ ಮರುವರ್ಷದವರೆಗೂ ಇಸಾಬೆಲ್ಲಾಗಳನ್ನು ಮಾಡಿದರು. ಗೆಸೀನ ಆ ಕಡೆಯ ತಂಡದಲ್ಲಿದ್ದಳು. ಕೊನೆಯ ಕಾರು ಇಳಿದಾಗ, ನೀನು ಈ ಲೋಕಕ್ಕೆ ಮೀರಿದ ಒಳ್ಳೆಯವಳು ಎಂಬರ್ಥದ ಫಲಕ ಬರೆದು ಅದಕ್ಕೆ ತೂಗುಹಾಕಿದರು. ಗಟ್ಟಿ ಗಂಡಸರು ಮುಖ ತಿರುಗಿಸಿಕೊಂಡರು. ಡೀರ್ಕ್ ಅದನ್ನು ಓಡಿಸಿ ನೋಡಿ ತಂದು ನಿಲ್ಲಿಸಿ, ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಗೆಸೀನಳಿಗೆ ಹಡಗಿನ ಕೋಣೆಗಳಿಗೆ ಹಾಸಿಗೆ, ದಿಂಬು ಹೊಲಿಯುವ ಕಡೆ ಕೆಲಸ ಸಿಕ್ಕಿತು. ಡೀರ್ಕ್ ಕಾರ್ಖಾನೆಯಲ್ಲೇ ಉಳಿದು ಯಂತ್ರಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವವರ ಜೊತೆ ಸೇರಿದ. ಆ ಪೆಟ್ಟಿಗೆಗಳು ಮೆಕ್ಸಿಕೋಗೆ ಹೊರಟಿದ್ದವು. ಮೊಂಟೆರ್ರೇ ಎಂಬ ಊರಿನಲ್ಲಿ ಬೋರ್ಗ್‌ವರ್ಡನ್ನು ಮತ್ತೆ ಎಬ್ಬಿಸುತ್ತಾರಂತೆ. ಇಸಾಬೆಲ್ಲಾ ಅಲ್ಲ, ಕಂಪನಿ ತನ್ನ ಕೊನೆಗಾಲದಲ್ಲಿ ಮಾಡಿದ ದೊಡ್ಡ ಕಾರು. ಅರವತ್ತಾರರಲ್ಲಿ ಅವನಿಗೂ ಅಲ್ಲಿಂದ ಕರೆ ಬಂತು. ಅವನು ಎಂಟು ವರ್ಷದ ಮೇಲೆ ಮತ್ತೆ ಕೇಳಿದ. ಭಾನುವಾರ ಮಧ್ಯಾಹ್ನ, ವೇಸರ್ ದಂಡೆಯ ಬೆಂಚಿನ ಮೇಲೆ.

"ಹೆಂಡತಿಗೂ ಹಡಗಿನ ಟಿಕೆಟ್ ಕೊಡ್ತಾರೆ. ಹೆಂಡತಿಗೆ ಮಾತ್ರ. ಒಂದು ಕಾಗದ ಗೆಸೀನ, ಒಂದೇ ಒಂದು."

"ಅತ್ತೆ?"

"ನಿನ್ನ ಅತ್ತೆ ನನ್ನನ್ನೂ ಮಣ್ಣು ಮಾಡಿ ಬದುಕಿರ್ತಾರೆ."

"ಅದಕ್ಕೇ," ಅಂದಳು ಗೆಸೀನ. "ಬದುಕಿರೋವರೆಗೆ ಅವರ ಕಣ್ಣೆದುರು ನನ್ನ ಕೈಯಿಂದ ಆಗಲ್ಲ."

ಅವನು ಅಕ್ಟೋಬರಿನಲ್ಲಿ ಹೋದ. ಅವಳು ಬಂದರಿಗೆ ಹೋಗಲಿಲ್ಲ. ಅವತ್ತು ಹೊಲಿದ ಹನ್ನೆರಡು ದಿಂಬುಗಳನ್ನೂ ಮರುದಿನ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ತಿಂಗಳಿಗೊಂದು ಕಾಗದ ಬರತೊಡಗಿತು. ಕುದುರೆಯ ಜೀನಿನಂಥ ಬೆಟ್ಟ, ಬೆಂಕಿಯಂಥ ಬಿಸಿಲು, ಮೂರು ಹೊತ್ತೂ ಜೋಳದ ರೊಟ್ಟಿ. ಬೋರ್ಗ್‌ವರ್ಡ್ ಎಂದು ಹೇಳಲು ಅಲ್ಲಿಯವರ ನಾಲಿಗೆ ಹೊರಳುವುದಿಲ್ಲ ಎಂದು ಬರೆದಿದ್ದ. ಒಂದು ಕಾಗದದಲ್ಲಿ, ಇಲ್ಲಿಯ ಹೆಂಗಸರು ಚೆನ್ನಾಗಿ ಹೊಲಿಯುತ್ತಾರೆ, ಮೂಲೆಯಲ್ಲಿ ಮಾತ್ರ ಸುಕ್ಕು ಬೀಳುತ್ತದೆ, ನಿನ್ನ ಕೈ ಇಲ್ಲಿದ್ದಿದ್ದರೆ ಎಂದಿತ್ತು. ಗೆಸೀನ ಎರಡು ಸಂಜೆ ಕೂತು ಬೂದು ಬಟ್ಟೆಯ ಒಂದು ಮೂಲೆಯನ್ನು ನಾಲ್ಕು ಹಂತಗಳಲ್ಲಿ ಹೊಲಿದು, ಪ್ರತಿ ಹಂತವನ್ನೂ ಬಿಡಿಯಾಗಿ ಲಕೋಟೆಗೆ ಹಾಕಿ ಕಳಿಸಿದಳು. ಮಾತು ಬೇಕಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು. ಮೂರು ತಿಂಗಳಿಗೆ ಅತ್ತ ಕಡೆಯಿಂದ ಒಂದು ಮೂಲೆ ಬಂತು, ಅಪರಿಚಿತ ಕೈ ಹೊಲಿದದ್ದು. ಒಂದು ಸುಕ್ಕೂ ಇರಲಿಲ್ಲ. ಅದನ್ನು ಅವಳು ಕೆನ್ನೆಗೆ ಒತ್ತಿಕೊಂಡು ಕೂತಿದ್ದನ್ನು ಮೆಟಾ ಬಾಗಿಲಲ್ಲಿ ನಿಂತು ನೋಡಿದಳು.

ಅರವತ್ತೊಂಬತ್ತರ ಜೂನ್‌ನಲ್ಲಿ ಕೋರ್ಟಿನಿಂದ ಒಂದು ಲಕೋಟೆ ಬಂತು. ಗೆಸೀನ ಒಡೆದು ಓದಿದಳು. ಕಾಣೆಯಾದ ಹಾರ್ಮ್ ಕೋರ್ಡೆಸ್ ಇಂಥ ದಿನದೊಳಗೆ ಬಂದು ಹಾಜರಾಗತಕ್ಕದ್ದು, ಇಲ್ಲವಾದರೆ ಮೃತನೆಂದು ಸಾರಲಾಗುವುದು. ಅರ್ಜಿದಾರರು: ಮೆಟಾ ಕೋರ್ಡೆಸ್, ತಾಯಿ.

ಮೆಟಾ ಅಡಿಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಆಗ ಅವಳಿಗೆ ಎಪ್ಪತ್ತೊಂಬತ್ತು. ಗೆಸೀನ ಕಾಗದವನ್ನು ಮೇಜಿನ ಮೇಲಿಟ್ಟು ನಿಂತಳು.

"ಕೂತ್ಕೊ," ಅಂದಳು ಮೆಟಾ, ತಲೆ ಎತ್ತದೆ. "ಟ್ರ್ಯಾಮಿನಲ್ಲಿ ಒಬ್ಬಳೇ ಹೋಗಿದ್ದೆ. ಮೂರು ಮಹಡಿ ಹತ್ತಿಸಿದರು. ಸಹಿ ಹಾಕೋಕೆ ಒಳ್ಳೆ ಪೆನ್ನು ಕೂಡ ಇಲ್ಲ ಅವರ ಹತ್ರ."

"ಅಮ್ಮಾ, ಯಾಕೆ ಹೀಗೆ ಮಾಡಿದಿರಿ?"

"ಹೆತ್ತವಳು ನಾನು. ಮಣ್ಣು ಮಾಡೋದೂ ನನ್ನ ಕೆಲಸವೇ, ನಿನ್ನದಲ್ಲ."

ಗೆಸೀನ ಕುರ್ಚಿ ಎಳೆದು ಕೂತಳು. "ನೀವು ಕಾಯ್ತಾ ಇದ್ರಿ," ಅಂದಳು. "ಈ ಮಾರ್ಚಿನಲ್ಲೂ ಸೈಕಲ್ಲಿಗೆ ಗಾಳಿ ಹೊಡೆದ್ರಿ."

ಮೆಟಾ ಚಾಕು ಕೆಳಗಿಟ್ಟಳು. "ಫ್ರೀಡ್‌ಲ್ಯಾಂಡಿನಲ್ಲಿ ಆ ಹತ್ತಿ ಕೋಟಿನವನು ಫೋಟೋ ಮುಂದೆ ನಿಂತನಲ್ಲ, ಅವತ್ತೇ ತಿಳೀತು ನನಗೆ. ಅವನ ಕಣ್ಣು ನೋಡಿದೆ. ಇಂಥ ಮುಖ ಅಲ್ಲಿ ಉಳಿಯಲ್ಲ ಅಂತಿತ್ತು ಅದು. ಹದಿನಾಲ್ಕು ವರ್ಷ ಆಯ್ತು."

"ಮತ್ತೆ?"

"ಮತ್ತೇನು. ನಾನು ಕಾಯೋದು ಬಿಟ್ಟರೆ ನೀನು ಹೋಗ್ತಿದ್ದೆ. ಆ ಜಾಕೀಟಿನವನ ಜೊತೆ. ಆಲ್ಮುಟ್ ಎಲ್ಲ ಹೇಳಿದ್ದಳು ನನಗೆ." ಅವಳು ಸೊಸೆಯ ಮುಖ ನೋಡಿದಳು. "ಮಗನನ್ನ ರಷ್ಯಾ ತಗೊಂಡಿತು. ನಿನ್ನನ್ನ ಕೊಡೋಕೆ ಮನಸ್ಸು ಬರಲಿಲ್ಲ. ಅದಕ್ಕೆ ಗಾಳಿ ಹೊಡೀತಾ ಇದ್ದೆ. ಕೆಟ್ಟವಳು ಅನ್ನು, ಅನ್ನಿಸ್ಕೋತೀನಿ."

ಗೆಸೀನಳಿಗೆ ಸಿಟ್ಟು ಬಂತು. ಹದಿನಾಲ್ಕು ವರ್ಷದ್ದು ಒಟ್ಟಿಗೇ ಬಂತು. ಅವಳು ಏಳದೆ ಅಲ್ಲೇ ಕೂತು, ಬುಟ್ಟಿಯಲ್ಲಿದ್ದ ಆಲೂಗಡ್ಡೆಗಳನ್ನೆಲ್ಲ ಒಂದೊಂದಾಗಿ ಸುಲಿದಳು. ನಾಲ್ಕು ಜನಕ್ಕಾಗುವಷ್ಟು ಸುಲಿದ ಮೇಲೆ ಮೆಟಾ, "ಸಾಕು ಹುಡುಗಿ, ಯಾರು ತಿಂತಾರೆ," ಅಂದಳು. ಆಗ ಗೆಸೀನ ಅತ್ತಳು. ಐವತ್ತು ವರ್ಷದ ಹೆಂಗಸನ್ನು ಎಪ್ಪತ್ತೊಂಬತ್ತರ ಹೆಂಗಸು 'ಹುಡುಗಿ' ಎಂದು ಕರೆದದ್ದಕ್ಕೋ, ಹದಿನಾಲ್ಕು ವರ್ಷಕ್ಕೋ, ಅವಳಿಗೇ ತಿಳಿಯಲಿಲ್ಲ. ಹಲವು ವಾರ ಆ ಮನೆಯಲ್ಲಿ ಬೇಕಾದಷ್ಟೇ ಮಾತು ನಡೆಯಿತು.

ಕೋರ್ಟಿನ ಕೆಲಸ ಮುಗಿದದ್ದು ಎಪ್ಪತ್ತರ ಮಾರ್ಚಿನಲ್ಲಿ. ಹಾರ್ಮ್ ಸತ್ತ ದಿನ ಯಾರಿಗೂ ಗೊತ್ತಿಲ್ಲವಾದ್ದರಿಂದ, ಇಂಥ ಎಲ್ಲರಿಗೂ ಬರೆಯುವಂತೆ, ಸಾವಿರದ ಒಂಬೈನೂರ ನಲವತ್ತೈದರ ಡಿಸೆಂಬರ್ ಮೂವತ್ತೊಂದು ಎಂದು ಬರೆದರು. ಆ ಸಂಜೆಯೇ ಗೆಸೀನ ಡೀರ್ಕನಿಗೆ ಬರೆದಳು. 'ನಾನೀಗ ವಿಧವೆ. ನಾನು ಬರಲೇ?' ಇಷ್ಟು ಬರೆಯಲು ಮೂರು ಹಾಳೆ ಹರಿದಳು.

ಅವಳ ಕಾಗದ ಅತ್ತ ಹೋಗುತ್ತಿದ್ದಾಗಲೇ ಅವನ ಕಾಗದ ಇತ್ತ ಬರುತ್ತಿತ್ತು. ಮೊಂಟೆರ್ರೇಯ ಕಾರ್ಖಾನೆಯೂ ಮುಚ್ಚುವ ಹಾಗಿದೆ, ನನ್ನ ಎಡಗಿವಿ ಪೂರ್ತಿ ಹೋಗಿದೆ, ಮುಂದೇನೆಂದು ತಿಳಿಯದು ಎಂದು ಅದರಲ್ಲಿತ್ತು. ಆಮೇಲೆ ಏಳು ವಾರ ಏನೂ ಬರಲಿಲ್ಲ. ಗೆಸೀನ ಅಂಚೆಯವನ ಸೈಕಲ್ಲಿನ ಗಂಟೆಗೆ ಕಿವಿಕೊಟ್ಟು, ಅದು ಬೇರೆ ಬಾಗಿಲಲ್ಲಿ ನಿಂತಾಗಲೆಲ್ಲ ಸೂಜಿಗೆ ದಾರ ಪೋಣಿಸುವಳು. ಕೊನೆಗೆ ಬಂದ ಕಾಗದದಲ್ಲಿ ಒಂದೇ ಸಾಲಿತ್ತು. 'ನೀನು ಬರಬೇಡ, ನಾನು ಬರುತ್ತೇನೆ.'

ನವೆಂಬರಿನಲ್ಲಿ ಅವನು ಬಂದಿಳಿದಾಗ ಅವಳು ನಿಲ್ದಾಣದಲ್ಲಿದ್ದಳು. ಮುಖ ಸುಟ್ಟ ಇಟ್ಟಿಗೆಯಾಗಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅವಳು ಏನೋ ಅಂದಳು, ಅವನಿಗೆ ಕೇಳಲಿಲ್ಲ. ಅವಳು ಬಲಗಡೆಗೆ ಹೋಗಿ ಮತ್ತೆ ಅಂದಳು.

"ಇಷ್ಟು ತೆಳ್ಳನೆ ಕೋಟು ಹಾಕ್ಕೊಂಡು ಬಂದಿದ್ದೀಯ ಅಂದೆ."

"ಅಲ್ಲಿ ಇದೇ ಹೆಚ್ಚು," ಅಂದ ಅವನು ನಡುಗುತ್ತ. ಟ್ರ್ಯಾಮಿನಲ್ಲಿ ಕೂತ ಮೇಲೆ ಹೇಳಿದ, "ಕಡೆಯ ದಿನ ಅಲ್ಲೂ ಹಾಗೇ ನಿಂತಿದ್ದರು ಗೆಸೀನ. ಗೇಟಿನ ಹೊರಗೆ. ಕೂಗದೆ. ಒಂದೇ ಹೆಣಕ್ಕೆ ಎರಡು ಸಲ ಹೆಗಲು ಕೊಟ್ಟೆ ನಾನು."

ಆ ಚಳಿಗಾಲವೆಲ್ಲ ಅವನು ಬ್ರೆಮೆನ್ನಿನಲ್ಲಿದ್ದೂ ಇರಲಿಲ್ಲ. ನಾಲ್ಕು ವರ್ಷ ವೇಸರ್ ನದಿಯನ್ನು ಕನವರಿಸಿದವನು ಈಗ ಬೂದು ಆಕಾಶ ನೋಡುತ್ತ, ಮೊಂಟೆರ್ರೇಯಲ್ಲಿ ಈ ಹೊತ್ತಿಗೆ ಬೆಟ್ಟ ಕೆಂಪಾಗಿರುತ್ತದೆ ಅನ್ನುತ್ತಿದ್ದ. ಆ ಬೆಟ್ಟ ಗೆಸೀನ ನೋಡದ್ದು. ಅವಳು ಸುಮ್ಮನೆ ಕೇಳುತ್ತಿದ್ದಳು. ಮನುಷ್ಯ ಬಂದರೂ ಅವನ ಒಂದು ಪಾಲು ಎಲ್ಲೋ ಹಿಂದುಳಿಯುತ್ತದೆ, ಅದಕ್ಕೂ ಕಾಯಬೇಕಾಗುತ್ತದೆ ಎಂಬುದು ಅವಳಿಗೆ ಹೊಸದಲ್ಲ.

ಎಪ್ಪತ್ತೊಂದರ ಏಪ್ರಿಲಿನಲ್ಲಿ ಮದುವೆ ಗೊತ್ತಾಯಿತು. ನೋಂದಣಿ ಕಚೇರಿಯಲ್ಲಿ ಸಾಕ್ಷಿಗೆ ಆಲ್ಮುಟ್ ಒಬ್ಬಳು, ಇನ್ನೊಬ್ಬರು ಯಾರು ಅಂದಾಗ ಮೆಟಾ, "ನಾನೇನು ಸತ್ತಿದ್ದೀನಾ?" ಅಂದಳು. ಹಿಂದಿನ ದಿನ ಅವಳೇ ಕೋಲೂರಿಕೊಂಡು ಬೇಕರಿಗೆ ಹೋಗಿ ದೊಡ್ಡ ತಟ್ಟೆಯ ಬೆಣ್ಣೆ ಕೇಕು ಹೇಳಿದಳು. ಬ್ರೆಮೆನ್ನಿನಲ್ಲಿ ಮೇಲೆ ಬೆಣ್ಣೆ, ಸಕ್ಕರೆ, ಬಾದಾಮಿ ಹಾಕಿ ಸುಡುವ ಆ ಕೇಕು ಶುಭಕ್ಕೂ ಬರುತ್ತದೆ, ಅಶುಭಕ್ಕೂ ಬರುತ್ತದೆ.

"ಮದುವೆಗೋ, ಮಣ್ಣಿಗೋ ಫ್ರೌ ಕೋರ್ಡೆಸ್?" ಎಂದು ಬೇಕರಿಯವನು ವಾಡಿಕೆಯಂತೆ ಕೇಳಿದ.

"ಎರಡಕ್ಕೂ," ಅಂದಳು ಮೆಟಾ. "ಒಂದು ತಟ್ಟೆ ಸಾಕು."

ಕಚೇರಿಯಿಂದ ಬಂದು ಮಧ್ಯಾಹ್ನ ನಾಲ್ವರೂ ಕಾಫಿಗೆ ಕೂತರು. ಮೆಟಾ ಕಪ್ಪು ಉಡುಪಿನಲ್ಲಿದ್ದಳು. ಕೇಕು ಕತ್ತರಿಸಿ ಎಲ್ಲರಿಗೂ ಬಡಿಸಿ, ಮೂಲೆಯ ತುಂಡನ್ನು ಡೀರ್ಕನ ತಟ್ಟೆಗೆ ಹಾಕುತ್ತ, "ಹಾರ್ಮ್‌ಗೆ ಮೂಲೆ ತುಂಡು ಅಂದರೆ ಇಷ್ಟ ಇತ್ತು," ಅಂದಳು.

ಇಪ್ಪತ್ತೇಳು ವರ್ಷವೂ 'ಇಷ್ಟ' ಎಂದೇ ಹೇಳುತ್ತಿದ್ದವಳು ಮೊದಲ ಸಲ 'ಇತ್ತು' ಅಂದಳು. ಡೀರ್ಕನಿಗೆ ಅರ್ಧ ಕೇಳಿತೋ ಪೂರ್ತಿ ಕೇಳಿತೋ, ಅವನು ಆ ತುಂಡನ್ನು ತಿನ್ನದೆ ಎರಡಾಗಿ ಮುರಿದು ಅರ್ಧವನ್ನು ಮೆಟಾಳ ತಟ್ಟೆಗಿಟ್ಟ. ಅವಳು ತಿಂದಳು. ಆಮೇಲೆ ಸೈಕಲ್ಲನ್ನು ಏನು ಮಾಡುವುದೆಂದು ಆಲ್ಮುಟ್ ಕೇಳಿದಾಗ, "ಇವನಿಗೆ ಎತ್ತರ ಸರಿಹೋಗುತ್ತಾ ನೋಡಿ," ಅಂದಳು.

ಮೆಟಾ ಇನ್ನೂ ಮೂರು ವರ್ಷ ಬದುಕಿದಳು. ಡೀರ್ಕನೂ ಗೆಸೀನಳೂ ಅದೇ ಕೆಳಗಿನ ಕೋಣೆಗಳಲ್ಲಿ ಇದ್ದರು. ಸಂಬಳದಲ್ಲಿ ಒಂದು ಹಳೆಯ ಇಸಾಬೆಲ್ಲಾ ಕೊಳ್ಳಬಹುದಿತ್ತು. ಯಾಕೋ ಇಬ್ಬರೂ ಆ ಮಾತೆತ್ತಲಿಲ್ಲ. ವರ್ಷ ಕಳೆದಂತೆ ಬೀದಿಯಲ್ಲಿ ಇಸಾಬೆಲ್ಲಾ ಕಾಣುವುದು ಅಪರೂಪವಾಯಿತು. ಒಮ್ಮೊಮ್ಮೆ ಸಂತೆಯಿಂದ ಬರುವಾಗ ಒಂದು ಸಿಕ್ಕಿದರೆ ಡೀರ್ಕ್ ಬಲಗಿವಿ ತಿರುಗಿಸಿ ನಿಲ್ಲುತ್ತಿದ್ದ. ಗೆಸೀನ ಕಿಟಕಿಗೆ ಹಣೆ ಒತ್ತಿ ಒಳಗೆ ಇಣುಕುವಳು. ಸೀಟಿಗೆ ಯಾರಾದರೂ ಹೊಸ ಬಟ್ಟೆ ಹಾಕಿಸಿದ್ದರೆ ಅವತ್ತೆಲ್ಲ ಅವಳಿಗೆ ಮಾತು ಬೇಡವಾಗುತ್ತಿತ್ತು. ಹಳೆಯದೇ ಇದ್ದರೆ, ಬಣ್ಣ ಮಾಸಿ ಅಂಚು ಸವೆದು ನೂಲು ಕಾಣುತ್ತಿದ್ದರೆ, ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಲ್ಲುವಳು. ಡೀರ್ಕ್ ಕೈಚೀಲ ಹಿಡಿದು ಕಾಯುವನು.